100 ಕಿಲೋ ಮಿಕ್ಸ್‌ಗೆ 30 ಗ್ರಾಂ

ಐಸ್‌ಕ್ರೀಂ ಮಿಕ್ಸ್ ಮಾಡುವಾಗ ಹಾಲಿನ ಪುಡಿ, ಸಕ್ಕರೆ, ಬೆಣ್ಣೆ ಎಲ್ಲವೂ ಕಿಲೋ ಲೆಕ್ಕದಲ್ಲಿ ಹೋಗುತ್ತವೆ. ಪಾಲಿಸಾರ್ಬೇಟ್ 80 ಎಂಬ ಎಮಲ್ಸಿಫೈಯರ್ ಮಾತ್ರ ಗ್ರಾಂ ಲೆಕ್ಕದ್ದು. 100 ಕಿಲೋ ಮಿಕ್ಸ್‌ಗೆ ನಾನು ಹಾಕುವುದು 30 ಗ್ರಾಂ, ಅಂದರೆ ಶೇ. 0.03. ಈ ಕೆಲಸಕ್ಕೆ ಬಂದ ಹೊಸದರಲ್ಲಿ, ಇಷ್ಟು ಚೂರು ಹಾಕಿದರೆಷ್ಟು ಬಿಟ್ಟರೆಷ್ಟು ಅಂದುಕೊಂಡಿದ್ದೆ. ಆ ಎಣಿಕೆ ತಪ್ಪು ಎಂದು ಮನದಟ್ಟಾಗಲು ಒಂದು ಇಡೀ ಬ್ಯಾಚ್ ಕೆಡಬೇಕಾಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಕ್ಯಾನಿನ ಮುಚ್ಚಳ ತೆಗೆದರೆ ಒಳಗಿರುವುದು ಜೇನುತುಪ್ಪದ ಬಣ್ಣದ, ಎಣ್ಣೆಗಿಂತ ಮಂದವಾದ ದ್ರವ. ನಾಲಿಗೆ ತುದಿಗೆ ತಾಗಿಸಿದರೆ ಕಹಿ. ಬೆರಳುಗಳ ನಡುವೆ ಒಂದು ಹನಿ ಉಜ್ಜಿದರೆ ಎಣ್ಣೆಯ ಹಾಗೆ ಜಾರುತ್ತದೆ. ಅದೇ ಬೆರಳನ್ನು ನೀರಿಗೊಡ್ಡಿದರೆ ಜಿಡ್ಡು ಉಳಿಯದೆ ಕರಗಿ ಹೋಗುತ್ತದೆ. ಅದರ ಗುಣವೆಲ್ಲ ಆ ಒಂದು ಹನಿಯಲ್ಲೇ ಇದೆ. ಸಾರ್ಬಿಟಾಲ್‌ನಿಂದ ನೀರಿನಂಶ ತೆಗೆದು ಸಾರ್ಬಿಟಾನ್ ಮಾಡುತ್ತಾರೆ, ಅದಕ್ಕೆ ಒಲೀಕ್ ಆಮ್ಲ ಜೋಡಿಸುತ್ತಾರೆ, ಮೇಲೆ ಸುಮಾರು 20 ಘಟಕ ಎಥಿಲೀನ್ ಆಕ್ಸೈಡ್ ಸೇರಿಸುತ್ತಾರೆ. ಒಲೀಕ್ ಆಮ್ಲದ ಬಾಲಕ್ಕೆ ಕೊಬ್ಬು ಬೇಕು, ಆ 20 ಘಟಕಗಳಿಗೆ ನೀರು ಬೇಕು. ಇವೆರಡರಲ್ಲಿ ಯಾವುದರ ಕೈ ಮೇಲು ಎಂದು ಅಳೆಯಲು ವಿಲಿಯಂ ಗ್ರಿಫಿನ್ 1949ರಲ್ಲಿ ಕೊಟ್ಟ ಎಚ್‌ಎಲ್‌ಬಿ ಎಂಬ ಮಾನದಂಡವಿದೆ. ಅದರಲ್ಲಿ ಪಾಲಿಸಾರ್ಬೇಟ್ 80ಕ್ಕೆ 15. ನಾವು ಇದರ ಜೊತೆಗೇ ಬಳಸುವ ಗ್ಲಿಸರಾಲ್ ಮಾನೋಸ್ಟಿಯರೇಟ್‌ಗೆ 4ರ ಆಸುಪಾಸು. ಮೊದಲನೆಯದು ನೀರಿನ ಕಡೆಯದು, ಎರಡನೆಯದು ಕೊಬ್ಬಿನ ಕಡೆಯದು.

ಎಮಲ್ಸಿಫೈಯರ್ ಅಂದರೆ ಎಣ್ಣೆ ಮತ್ತು ನೀರನ್ನು ಬೆಸೆಯುವ ವಸ್ತು ಎಂದೇ ಎಲ್ಲರೂ ಓದಿರುತ್ತೇವೆ. ನಾನೂ ಹಾಗೇ ನಂಬಿದ್ದೆ. ಆದರೆ ಐಸ್‌ಕ್ರೀಂನಲ್ಲಿ ಆ ಕೆಲಸಕ್ಕೆ ಇದು ಬೇಕಾಗಿಯೇ ಇಲ್ಲ. ಹೋಮೋಜಿನೈಸರ್ ಕೊಬ್ಬನ್ನು ಸಣ್ಣ ಸಣ್ಣ ಕಣವಾಗಿ ಒಡೆದ ಕೂಡಲೇ ಹಾಲಿನ ಪ್ರೋಟೀನು, ಮುಖ್ಯವಾಗಿ ಕೇಸಿನ್, ಪ್ರತಿ ಕಣದ ಸುತ್ತ ದಪ್ಪನೆಯ ಕವಚ ಕಟ್ಟುತ್ತದೆ. ಆ ಮಿಕ್ಸ್ ತಾನಾಗಿ ಒಡೆಯುವುದಿಲ್ಲ. ತೊಂದರೆ ಇರುವುದೇ ಅಲ್ಲಿ: ಕವಚ ಅಷ್ಟು ಗಟ್ಟಿಯಾಗಿದ್ದರೆ ಫ್ರೀಜರ್‌ನಲ್ಲಿ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುವುದೇ ಇಲ್ಲ, ಗಾಳಿಯ ಗುಳ್ಳೆಗಳನ್ನು ಹಿಡಿದಿಡುವವರೇ ಇರುವುದಿಲ್ಲ. ಪಾಲಿಸಾರ್ಬೇಟ್ 80 ಆ ಪ್ರೋಟೀನನ್ನು ಕಣದ ಮೈಯಿಂದ ಪಕ್ಕಕ್ಕೆ ಸರಿಸಿ ತಾನು ಆ ಜಾಗದಲ್ಲಿ ಕೂರುತ್ತದೆ. ಅದರ ಪದರ ಪ್ರೋಟೀನಿನ ಪದರಕ್ಕಿಂತ ತುಂಬ ತೆಳು. ಫ್ರೀಜರ್‌ನೊಳಗೆ ಮಿಕ್ಸನ್ನು ಕಡೆಯುವ ಅಲಗು, ಅಂದರೆ ಡ್ಯಾಷರ್, ತಿರುಗುವಾಗ ಕಣಗಳು ಡಿಕ್ಕಿ ಹೊಡೆದರೆ ಒಂದರ ಕೊಬ್ಬಿನ ಹರಳು ಇನ್ನೊಂದರೊಳಗೆ ಚುಚ್ಚಿಕೊಳ್ಳುತ್ತದೆ. ಅರ್ಧ ಗಟ್ಟಿಯಾಗಿರುವ ಕಾರಣ ಪೂರ್ತಿ ಬೆರೆತು ಒಂದೇ ಹನಿಯಾಗದೆ ದ್ರಾಕ್ಷಿ ಗೊಂಚಲಿನ ಹಾಗೆ ನಿಲ್ಲುತ್ತವೆ. ಆ ಗೊಂಚಲುಗಳೇ ಗುಳ್ಳೆಗಳಿಗೆ ಗೋಡೆ. ಎಮಲ್ಷನ್ನನ್ನು ಕಾಪಾಡುವುದಕ್ಕಲ್ಲ, ಹದವಾಗಿ ಸಡಿಲ ಮಾಡುವುದಕ್ಕೆ ನಾವು ಎಮಲ್ಸಿಫೈಯರ್ ಹಾಕುತ್ತೇವೆ. ಇದು ಅರ್ಥವಾದ ಮೇಲೆ ಈ ಕೆಲಸದ ಮೇಲೆ ನನಗಿದ್ದ ಪ್ರೀತಿ ಇಮ್ಮಡಿಯಾಯಿತು.

ಕಣ್ಣಾರೆ ನೋಡಬೇಕೆಂದು ಒಂದೇ ಸೂತ್ರದ ಎರಡು ಬ್ಯಾಚ್ ಮಾಡಿದೆ, ಒಂದಕ್ಕೆ ಶೇ. 0.03 ಹಾಕಿ, ಇನ್ನೊಂದಕ್ಕೆ ಏನೂ ಹಾಕದೆ. ಫ್ರೀಜರ್ ಬಾಯಿಂದ ಬರುವಾಗಲೇ ವ್ಯತ್ಯಾಸ ಕಂಡಿತು. ಹಾಕದ್ದು ಹೊಳೆಯುತ್ತ, ಒದ್ದೆಯಾಗಿ, ಕಪ್ಪಿನಲ್ಲಿ ಹರಡಿಕೊಂಡಿತು. ಹಾಕಿದ್ದು ಹೊಳಪಿಲ್ಲದೆ, ಒಣಗಿದಂತೆ, ಬಿದ್ದಲ್ಲೇ ಮಡಿಕೆ ಮಡಿಕೆಯಾಗಿ ನಿಂತಿತು. ಗಟ್ಟಿಯಾದ ಮೇಲೆ ಎರಡರಿಂದಲೂ 100 ಗ್ರಾಂ ತುಂಡು ಕತ್ತರಿಸಿ ತಂತಿ ಜಾಲರಿಯ ಮೇಲಿಟ್ಟು, ಕೆಳಗೆ ತೂಕದ ಯಂತ್ರದ ಮೇಲೆ ಬಟ್ಟಲಿಟ್ಟು, ಹತ್ತು ಹತ್ತು ನಿಮಿಷಕ್ಕೆ ತೂಕ ಬರೆದುಕೊಂಡೆ. ಹಾಕದ್ದು ಬೇಗನೆ ಹನಿಯತೊಡಗಿ ಜಾಲರಿಯಿಂದ ಪೂರ್ತಿ ಇಳಿದುಹೋಯಿತು. ಹಾಕಿದ್ದರಿಂದ ಸಿಹಿನೀರು ಸೋರಿ ಹೋದರೂ ಜಾಲರಿಯ ಮೇಲೆ ತುಂಡಿನದೇ ಆಕಾರದ ನೊರೆ ಕೂತಿತ್ತು. ಮಂಜು ಕರಗಿ ಹೋಗಿತ್ತು, ಕೊಬ್ಬಿನ ಗೋಡೆ ಹಾಗೇ ಇತ್ತು. ಈ ಪರೀಕ್ಷೆಗೆ ಜಾಲರಿ, ಗಡಿಯಾರ, ತಕ್ಕಡಿ ಸಾಕು. ಹೊಸಬರಿಗೆಲ್ಲ ನಾನು ಮೊದಲು ಮಾಡಿಸುವುದು ಇದನ್ನೇ.

ಇನ್ನು ಆ ಕೆಟ್ಟ ಬ್ಯಾಚ್. ಗ್ಲಿಸರಾಲ್ ಮಾನೋಸ್ಟಿಯರೇಟ್ ಪುಡಿ ಮುಗಿದು ಹೊಸ ಚೀಲ ಬಂದಿತ್ತು. ಎಂದಿನಂತೆ 100 ಕಿಲೋಗೆ 300 ಗ್ರಾಂ ಪುಡಿ ಹಾಕಿ, ಎಂದಿನಂತೆ 30 ಗ್ರಾಂ ಪಾಲಿಸಾರ್ಬೇಟ್ ಸುರಿದೆ. ಮೊದಲ ಕೆಲವು ಡಬ್ಬಗಳು ಬಿಗಿಯಾಗಿ, ನೋಡಲು ಚೆಂದವಾಗಿ ಬಂದವು. ಆಮೇಲೆ ಓವರ್‌ರನ್, ಅಂದರೆ ಐಸ್‌ಕ್ರೀಂನೊಳಗೆ ಸೇರುವ ಗಾಳಿಯ ಪ್ರಮಾಣ, ಇಳಿಯತೊಡಗಿತು. ಚಮಚದಲ್ಲಿ ತೆಗೆದು ನೋಡಿದರೆ ಸಾಸಿವೆ ಗಾತ್ರದ ಹಳದಿ ಕಾಳುಗಳು. ಬಾಯಲ್ಲಿಟ್ಟರೆ ತಂಪು ಹೋದ ಮೇಲೂ ಅಂಗುಳಕ್ಕೆ ಜಿಡ್ಡು ಮೆತ್ತಿಕೊಂಡೇ ಇತ್ತು. ಯಂತ್ರ ನಿಲ್ಲಿಸಿ ಡ್ಯಾಷರ್ ಎಳೆದರೆ ಅಲಗಿನ ತುಂಬ ಬೆಣ್ಣೆ. ಫ್ರೀಜರ್ ಕಡಗೋಲಾಗಿಬಿಟ್ಟಿತ್ತು. ಚೀಲ ತಿರುಗಿಸಿ ಓದಿದಾಗ ಗೊತ್ತಾಯಿತು: ಆ ಪುಡಿಯ ಸಂಕೇತ ಸಂಖ್ಯೆ 471ರ ಪಕ್ಕದಲ್ಲಿ ಪಾಲಿಸಾರ್ಬೇಟ್ 80ರ ಸಂಖ್ಯೆ 433 ಎಂದೂ ಇತ್ತು, 80ಕ್ಕೆ 20ರ ಮಿಶ್ರಣ. ಅಂದರೆ ಪುಡಿಯಲ್ಲೇ 60 ಗ್ರಾಂ ಪಾಲಿಸಾರ್ಬೇಟ್, ಮೇಲೆ ನನ್ನ 30. ಒಟ್ಟು ಶೇ. 0.09. ಅಮೆರಿಕದ ನಿಯಮ ಐಸ್‌ಕ್ರೀಂಗೆ ಶೇ. 0.1ರವರೆಗೆ ಬಿಡುತ್ತದೆ, ಆ ಮಿತಿಯೊಳಗೇ ಇತ್ತು ನನ್ನ ಬೆಣ್ಣೆ. ಕಾನೂನಿನ ಮಿತಿ ಬೇರೆ, ಹದದ ಮಿತಿ ಬೇರೆ. ಅಂದಿನಿಂದ ಯಾವ ಚೀಲ ಬಂದರೂ ಸಂಖ್ಯೆಗಳನ್ನು ಗಟ್ಟಿಯಾಗಿ ಓದಿಸಿ ಬರೆಸಿದ ಮೇಲೆಯೇ ಗೋದಾಮಿಗೆ ಕಳಿಸುತ್ತೇನೆ.

ಪ್ರಮಾಣದಷ್ಟೇ ಮುಖ್ಯ ಸಮಯ. ಪ್ರೋಟೀನ್ ಸರಿಯುವುದು ಒಂದು ಗಳಿಗೆಯ ಮಾತಲ್ಲ, ಕೊಬ್ಬು ಹರಳುಗಟ್ಟಲೂ ಹೊತ್ತು ಬೇಕು. 4 ಡಿಗ್ರಿಯಲ್ಲಿ ಕನಿಷ್ಠ 4 ಗಂಟೆ ಮಿಕ್ಸ್ ಮಾಗಬೇಕು. ಸಾಧ್ಯವಾದರೆ ರಾತ್ರಿಯಿಡೀ ಬಿಡುತ್ತೇನೆ. ಅವಸರಕ್ಕೆ ಒಂದು ಗಂಟೆಗೇ ಫ್ರೀಜರ್‌ಗೆ ಹರಿಸಿದರೆ ಎಷ್ಟು ಪಾಲಿಸಾರ್ಬೇಟ್ ಹಾಕಿದ್ದರೂ ಐಸ್‌ಕ್ರೀಂ ಒದ್ದೆಯಾಗಿಯೇ ಬರುತ್ತದೆ. ಆಗ ಪ್ರಮಾಣ ಏರಿಸುವ ಆಸೆಯಾಗುತ್ತದೆ; ಏರಿಸಬೇಡಿ, ಕಾಯಿರಿ. ಸೇರಿಸುವ ಕ್ರಮ ಸುಲಭ: ಬೆಚ್ಚಗಿನ ಮಿಕ್ಸ್‌ಗೆ, ಪಾಶ್ಚರೀಕರಣಕ್ಕೆ ಮುಂಚೆ. ಪಾತ್ರೆಯ ಗೋಡೆಗೆ ಮೆತ್ತಿಕೊಂಡು ಉಳಿಯುವುದರಿಂದ ಅಳತೆ ಬಟ್ಟಲನ್ನು ಅದೇ ಮಿಕ್ಸ್‌ನಿಂದ ಎರಡು ಸಲ ತೊಳೆದು ಸುರಿಯುತ್ತೇನೆ. 30 ಗ್ರಾಂನಲ್ಲಿ 5 ಗ್ರಾಂ ಬಟ್ಟಲಲ್ಲೇ ಉಳಿದರೆ ಅದು ಸಣ್ಣ ನಷ್ಟವಲ್ಲ.

ತಿನ್ನುವವರ ಆರೋಗ್ಯದ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಪಾಲಿಸಾರ್ಬೇಟ್‌ಗಳಿಗೆಲ್ಲ ಸೇರಿ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 25 ಮಿಲಿಗ್ರಾಂ ಮಿತಿ ಹೇಳಿತು. 60 ಕಿಲೋ ತೂಕದವರಿಗೆ ಅದು 1500 ಮಿಲಿಗ್ರಾಂ. ನನ್ನ 100 ಗ್ರಾಂ ಐಸ್‌ಕ್ರೀಂನಲ್ಲಿರುವುದು 30. ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಕುಡಿಯುವ ನೀರಿಗೆ ಶೇ. 1ರಷ್ಟು ಬೆರೆಸಿ ಕೊಟ್ಟಾಗ ಇಲಿಗಳ ಕರುಳಿನ ಸೂಕ್ಷ್ಮಜೀವಿಗಳು ಬದಲಾಗಿ ಉರಿಯೂತ ಕಂಡಿತ್ತು. ನನ್ನ ಪ್ರಮಾಣ ಅದಕ್ಕಿಂತ ಎಷ್ಟೋ ಕಡಿಮೆ. ಆದರೂ ಒಬ್ಬರು ದಿನಕ್ಕೆ ತಿನ್ನುವ ಹತ್ತು ಪದಾರ್ಥಗಳಲ್ಲಿ ನನ್ನದು ಒಂದು. ಹಾಗಾಗಿ 0.025ರಲ್ಲಿ ಹದ ಬರುವ ಸೂತ್ರಕ್ಕೆ 0.03 ಹಾಕುವುದಿಲ್ಲ.

ಕೊಳ್ಳುವಾಗ ಒಲೀಕ್ ಆಮ್ಲದ ಮೂಲ ಕೇಳಬೇಕು, ಅದು ಸಸ್ಯದ್ದೂ ಆಗಬಹುದು, ಪ್ರಾಣಿ ಕೊಬ್ಬಿನದೂ ಆಗಬಹುದು. ಸಸ್ಯಮೂಲದ್ದೆಂಬ ಪತ್ರವಿಲ್ಲದೆ ನಾನು ಕ್ಯಾನ್ ಒಳಗೆ ಬಿಡುವುದಿಲ್ಲ. ಗಾಳಿ, ಬೆಳಕು ತಾಗಿದರೆ ಇದು ನಿಧಾನವಾಗಿ ಕಮಟಾಗುತ್ತದೆ, ಆದ್ದರಿಂದ ದೊಡ್ಡ ಕ್ಯಾನಿಗಿಂತ ಸಣ್ಣ ಕ್ಯಾನೇ ಮೇಲು.

ಈಚೆಗೆ ಹಾಲಿಲ್ಲದ, ತೆಂಗಿನೆಣ್ಣೆ ಮತ್ತು ಬಟಾಣಿ ಪ್ರೋಟೀನಿನ ಮಿಕ್ಸ್ ಮಾಡುತ್ತಿದ್ದೇನೆ. ಕವಚ ಕಟ್ಟುವ ಪ್ರೋಟೀನೇ ಬೇರೆಯಾದ್ದರಿಂದ ಹಳೆಯ 30 ಗ್ರಾಂ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಶೇ. 0.01ರಿಂದ ಶುರುಮಾಡಿ 0.005ರಂತೆ ಏರಿಸುತ್ತ, ಪ್ರತಿ ಸಲವೂ ಅದೇ ಜಾಲರಿಯ ಮೇಲೆ ತುಂಡಿಟ್ಟು ಬಟ್ಟಲಿನ ತೂಕ ಬರೆದುಕೊಳ್ಳುತ್ತಿದ್ದೇನೆ.