ದೀಪ ಹತ್ತುತ್ತಿತ್ತು, ಪರದೆ ಮಾತ್ರ ಕಪ್ಪು

ಜುಲೈ ತಿಂಗಳ ಜಡಿಮಳೆ. ಮಲೆನಾಡಿನ ಸಾಗರದ ಕಡೆ ಒಂದು ವಾರದಿಂದ ಬಿಸಿಲೇ ಇರಲಿಲ್ಲ, ಒಣಹಾಕಿದ ಬಟ್ಟೆಗೂ ಮುಗ್ಗಲು ವಾಸನೆ. ಬೆಳಿಗ್ಗೆ ಲ್ಯಾಪ್‌ಟಾಪಿನ ಪವರ್ ಬಟನ್ ಒತ್ತಿದೆ. ದೀಪ ಹತ್ತಿತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಕ್ಯಾಪ್ಸ್ ಲಾಕ್ ದೀಪ ಬಿಟ್ಟುಬಿಟ್ಟು ಮಿನುಗುತ್ತಿತ್ತು.

ಪೇಟೆಯ ರಿಪೇರಿ ಅಂಗಡಿಯಲ್ಲಿ ಹತ್ತು ನಿಮಿಷ ನೋಡಿ, "ಮದರ್‌ಬೋರ್ಡ್ ಹೋಗಿದೆ, ಹೊಸದು ತಗೊಳ್ಳಿ" ಅಂದರು. ಅಪ್ಪ ಕೈಯಲ್ಲಿ ಬರೆದಿಟ್ಟ ಯಕ್ಷಗಾನ ಪ್ರಸಂಗಗಳನ್ನು ನಾನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದುದು ಇದರಲ್ಲೇ. ಹನ್ನೊಂದರಲ್ಲಿ ಏಳಕ್ಕೆ ಮಾತ್ರ ಪೆನ್‌ಡ್ರೈವಿನಲ್ಲಿ ಪ್ರತಿ ಇತ್ತು. ಉಳಿದ ನಾಲ್ಕನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ, ಮನೆಗೆ ತಂದು ನಾನೇ ಕೂತೆ.

ಲ್ಯಾಪ್‌ಟಾಪ್ "ಯಾಕೆ ಆನ್ ಆಗಲ್ಲ" ಅಂತ ಕೇಳಿಕೊಂಡರೆ ತಲೆ ಕೆಡುತ್ತದೆ. "ಎಲ್ಲಿಯವರೆಗೆ ಬಂದು ನಿಂತಿತು" ಅಂತ ಕೇಳಿಕೊಂಡರೆ ದಾರಿ ಕಾಣುತ್ತದೆ. ಮಲ್ಟಿಮೀಟರಿನಲ್ಲಿ ಅಡಾಪ್ಟರ್ 19.5 ವೋಲ್ಟ್ ತೋರಿಸಿತು, ಅದರ ಮೇಲೆ ಬರೆದಿರುವಷ್ಟೇ. ಅಂದರೆ ಕರೆಂಟ್ ಬರುತ್ತಿದೆ. ಕತ್ತಲೆ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಬಿಟ್ಟೆ. ಪರದೆಯ ಹಿಂದಿನ ದೀಪವಾದ ಬ್ಯಾಕ್‌ಲೈಟ್ ಮಾತ್ರ ಹೋಗಿದ್ದರೆ ಚಿತ್ರ ಮಸುಕಾಗಿಯಾದರೂ ಕಾಣಬೇಕಿತ್ತು, ಕಾಣಲಿಲ್ಲ. ಎಚ್‌ಡಿಎಂಐ ಕೇಬಲ್ ಹಾಕಿದರೆ ಟಿವಿಯಲ್ಲೂ ಏನಿಲ್ಲ. ಹಾಗಾದರೆ ತಪ್ಪು ಪರದೆಯದಲ್ಲ, ಚಿತ್ರ ಮೂಡುವುದಕ್ಕೂ ಮೊದಲೇ ಎಲ್ಲೋ ಸಿಕ್ಕಿಕೊಂಡಿದೆ. ಕೈಪಿಡಿ ತೆಗೆದು ದೀಪದ ಮಿನುಗು ಲೆಕ್ಕ ಹಾಕಿದೆ: ತಪ್ಪು ಮೆಮೊರಿಯದು, ಅಂದರೆ ರ‍್ಯಾಮ್‌ನದು.

ಅಡಾಪ್ಟರ್ ಕಿತ್ತು ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದು, ಕೆಳಗಿನ ಮುಚ್ಚಳ ಬಿಚ್ಚಿದೆ. ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು, ಇದರಲ್ಲಿ ಅವಸರ ಕೂಡದು. ರ‍್ಯಾಮ್ ಪಟ್ಟಿಯ ಇಕ್ಕೆಲದ ಕ್ಲಿಪ್ ಅಗಲಿಸಿದರೆ ಅದು ತಾನೇ ಓರೆಯಾಗಿ ಮೇಲೆದ್ದು ಬರುತ್ತದೆ. ಕಿಟಕಿಯ ಬೆಳಕಿಗೆ ಹಿಡಿದೆ. ಡಿಡಿಆರ್ 4 ಎಂಬ ಬಗೆಯ ಈ ಪಟ್ಟಿಯಲ್ಲಿ 260 ಪಿನ್. ಹೊಳೆಯಬೇಕಾದ ಚಿನ್ನದ ಬಣ್ಣದ ಮೇಲೆ ಉಸಿರು ಬಿಟ್ಟ ಕನ್ನಡಿಯಂತೆ ಮಬ್ಬು ಕವಿದಿತ್ತು. ಮೆತ್ತನೆಯ ಬಿಳಿ ರಬ್ಬರಿನಿಂದ ಹಗುರವಾಗಿ ಒಂದೇ ದಿಕ್ಕಿಗೆ ಉಜ್ಜಿದೆ. ಬಲ ಹಾಕಿ ತಿಕ್ಕಿದರೆ ಲೇಪನವೇ ಸವೆಯುತ್ತದೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಲು ಬಿಟ್ಟೆ.

ಎರಡು ಪಟ್ಟಿಯಲ್ಲಿ ಒಂದನ್ನು ಮಾತ್ರ ಹಾಕಿ ಬಟನ್ ಒತ್ತಿದೆ. ಮತ್ತೆ ಕಪ್ಪು. ಆಫ್ ಮಾಡಲು ಕೈ ಹೋಗಿತ್ತು, ತಡೆದೆ. ರ‍್ಯಾಮ್ ತೆಗೆದು ಹಾಕಿದ ಮೇಲೆ ಯಂತ್ರ ಅದನ್ನು ಹೊಸದಾಗಿ ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ, ಅದಕ್ಕೆ ಸಮಯ ಬೇಕು. ಒಂದು ನಿಮಿಷದ ಹತ್ತಿರ ಆಗಿರಬೇಕು, ಲೋಗೊ ಮೂಡಿತು! ಎರಡನೆಯದನ್ನೂ ಸೇರಿಸಿದೆ, ಅದೂ ಸರಿ. ಇಷ್ಟಕ್ಕೆ ಮದರ್‌ಬೋರ್ಡ್ ಹೋಗಿದೆ ಅಂದುಬಿಟ್ಟಿದ್ದರಲ್ಲ ಅಂತ ಬೇಸರವೂ ಆಯಿತು.

ಆದರೆ ಕೆಲಸ ಮುಗಿದಿರಲಿಲ್ಲ. ಗಡಿಯಾರ 2018ರ ಜನವರಿ 1 ತೋರಿಸುತ್ತಿತ್ತು, ವಿಂಡೋಸ್ ನೀಲಿ ಪರದೆಗೆ ಬಂದು "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಅಂತ, ಅಂದರೆ ಶುರುವಾಗಬೇಕಾದ ಡಿಸ್ಕ್ ಸಿಗುತ್ತಿಲ್ಲ ಅಂತ ನಿಂತಿತು. ವಿಂಡೋಸಿನ ಬದಲು ಬಳಸಬಹುದಾದ ಉಬುಂಟುವನ್ನು ಪೆನ್‌ಡ್ರೈವಿನಿಂದ ಹಚ್ಚಿ ನೋಡಿದರೆ ಡಿಸ್ಕೇ ಕಾಣಲಿಲ್ಲ. ಎದೆ ಧಸಕ್ಕೆಂದಿತು.

ಸುಳಿವು ಸಿಕ್ಕಿದ್ದು ಆ ತಪ್ಪು ತಾರೀಖಿನಲ್ಲೇ. ಕರೆಂಟಿಲ್ಲದಾಗಲೂ ಗಡಿಯಾರ ನಡೆಸುವ ಮದರ್‌ಬೋರ್ಡಿನ ಬಟನ್ ಸೆಲ್, ಸಿಆರ್ 2032, ಮೂರು ವೋಲ್ಟ್ ಇರಬೇಕಾದದ್ದು, 1.8ಕ್ಕೆ ಇಳಿದಿತ್ತು. ದೊಡ್ಡ ಬ್ಯಾಟರಿ ಬಿಡಿಸಿದ ಕೂಡಲೇ ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ತನ್ನ ಸೆಟ್ಟಿಂಗ್ ಮರೆತು ಕಾರ್ಖಾನೆಯಿಂದ ಬಂದಾಗಿನ ಸ್ಥಿತಿಗೆ ಹೋಗಿದೆ. ಹಿಂದೆ ಉಬುಂಟು ಹಾಕುವಾಗ ಯಂತ್ರ ಡಿಸ್ಕಿನ ಜೊತೆ ವ್ಯವಹರಿಸುವ ವಿಧಾನವನ್ನು ಬಯಾಸಿನಲ್ಲಿ ರೈಡ್‌ನಿಂದ ಎಎಚ್‌ಸಿಐಗೆ ಬದಲಿಸಿದ್ದೆ, ಈಗ ಅದು ಮತ್ತೆ ರೈಡ್ ಆಗಿತ್ತು. ಡಿಸ್ಕ್ ಗಟ್ಟಿಯಾಗಿಯೇ ಇದೆ, ಅದರ ಜೊತೆ ಮಾತಾಡುವ ಭಾಷೆ ಬದಲಾಗಿದೆ, ಅಷ್ಟೇ. ಈ ಹಂತದಲ್ಲಿ ಗಾಬರಿಬಿದ್ದು "ರಿಸೆಟ್" ಒತ್ತಿದ್ದರೆ, ಫಾರ್ಮ್ಯಾಟ್ ಮಾಡಿಸಿದ್ದರೆ, ನಾಲ್ಕು ಪ್ರಸಂಗವೂ ನನ್ನ ಕೈಯಿಂದಲೇ ಹೋಗುತ್ತಿತ್ತು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಹೊಸ ಸೆಲ್ ಹಾಕಿ, ತಾರೀಖು ಸರಿಮಾಡಿ, ಎಎಚ್‌ಸಿಐ ಆರಿಸಿದೆ. ನನ್ನದರಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇರಲಿಲ್ಲ. ಇದ್ದವರಿಗೆ ಬಯಾಸ್ ಬದಲಾದಾಗ 48 ಅಂಕಿಯ ರಿಕವರಿ ಕೀ ಕೇಳಬಹುದು, ಸಾಮಾನ್ಯವಾಗಿ ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಮತ್ತೆ ಮೊದಲು ಉಬುಂಟುವನ್ನೇ ಹಚ್ಚಿದೆ. ಡಿಸ್ಕ್ ಕಂಡಿತು, ನಾಲ್ಕೂ ಕಡತಗಳನ್ನು ಎರಡು ಪೆನ್‌ಡ್ರೈವಿಗೆ ಇಳಿಸಿಕೊಂಡೆ. ಆಮೇಲೆಯೇ ವಿಂಡೋಸ್. ಅದು ತಕರಾರಿಲ್ಲದೆ ತೆರೆದುಕೊಂಡಿತು. ರಾತ್ರಿ ಊಟ ಮುಗಿಸಿ, ಅಪ್ಪನ ಪುಸ್ತಕ ಪಕ್ಕದಲ್ಲಿ ಬಿಡಿಸಿಟ್ಟುಕೊಂಡು, ಅರ್ಧಕ್ಕೆ ನಿಂತಿದ್ದ ಭಾಮಿನಿ ಷಟ್ಪದಿಯ ಪದ್ಯದಿಂದ ಟೈಪಿಂಗ್ ಮುಂದುವರಿಸಿದೆ.