ಚಳ್ಳಕೆರೆ ಮಿಲ್ಲಿನ 250 ಕೆವಿಎಗೆ ಅರ್ಥಿಂಗ್ ಪಟ್ಟಿ ಹಾಕಿದ ನನ್ನ ಅನುಭವ

ಎಂಟು ನಂಬರ್ ಜಿಐ (ಸತು ಲೇಪದ ಕಬ್ಬಿಣ) ತಂತಿಯಲ್ಲಿ 250 ಕೆವಿಎ ಟ್ರಾನ್ಸ್‌ಫಾರ್ಮರ್‌ನ ನ್ಯೂಟ್ರಲ್ (ಕರೆಂಟು ವಾಪಸ್ ಬರೋ ತುದಿ) ನೆಲಕ್ಕೆ ಇಳಿಸಿರೋದನ್ನು ನೀವೂ ನೋಡಿರುತ್ತೀರಿ. ಚಳ್ಳಕೆರೆ ಕಡೆಯ ಒಂದು ಎಣ್ಣೆ ಮಿಲ್ಲಿನಲ್ಲಿ ನನಗೆ ಸಿಕ್ಕಿದ್ದೂ ಅದೇ. ಟ್ರಾನ್ಸ್‌ಫಾರ್ಮರ್ ಬಾಡಿಗೂ ಅದೇ ತಂತಿ. ಪ್ಯಾನೆಲ್‌ಗೆ ಬೇರೆ ಅರ್ಥ್ ಗುಂಡಿ, ಎರಡು ಗುಂಡಿಗಳ ನಡುವೆ ಲೋಹದ ಸಂಪರ್ಕ ಏನೂ ಇಲ್ಲ. ಎಕ್ಸ್‌ಪೆಲ್ಲರ್ (ಎಣ್ಣೆ ಹಿಂಡೋ ಯಂತ್ರ) ಮೋಟಾರಿನ ವೈಂಡಿಂಗ್ ಅದರ ಬಾಡಿಗೆ ತಾಗಿದರೂ ಬ್ರೇಕರ್ ಬೀಳುತ್ತಿರಲಿಲ್ಲ. ಮುಟ್ಟಿದವರಿಗೆ ಶಾಕ್.

ಮೊದಲು ಬಂದವರೆಲ್ಲ ಹೇಳಿದ್ದು ಒಂದೇ ಮಾತು: ಇನ್ನೊಂದು ಗುಂಡಿ ತೆಗೆಸಿ. ನಮ್ಮ ಚಿತ್ರದುರ್ಗದ ನೆಲ ಗೊತ್ತಲ್ಲ, ಮೂರು ಅಡಿಗೆ ಬಂಡೆ. ಕಂಪ್ರೆಸರ್ ತರಿಸಿ ಹೊಡೆಸಿದರು, ಇದ್ದಿಲು ಉಪ್ಪು ತುಂಬಿದರು, ಆಮೇಲೆ ಕೆಮಿಕಲ್ ರಾಡ್ ಇಳಿಸಿದರು. ಸಾಹುಕಾರರ ಕೈಯಿಂದ ಹೆಚ್ಚುಕಡಿಮೆ 70 ಸಾವಿರ ಹೋಗಿತ್ತು. ಉಪ್ಪಿನ ಗುಂಡಿ ಮೊದಲ ಮಳೆಗಾಲದಲ್ಲಿ ಚೆನ್ನಾಗಿಯೇ ತೋರಿಸುತ್ತೆ. ಆಮೇಲೆ ಉಪ್ಪು ತೊಳೆದುಹೋಗುತ್ತೆ, ಅಷ್ಟರಲ್ಲಿ ಪೈಪನ್ನೂ ತಿಂದಿರುತ್ತೆ. ಅಲ್ಲಿ ಒಂದು ಪೈಪ್ ಅಲ್ಲಾಡಿಸಿದರೆ ಮುರಿದೇ ಕೈಗೆ ಬಂತು.

ನಾನು ಹೊಸ ಗುಂಡಿ ಬೇಡ ಅಂದೆ. ಕರೆಂಟಿಗೆ ನೆಲ ಒಡ್ಡೋ ತಡೆ ಟ್ರಾನ್ಸ್‌ಫಾರ್ಮರ್ ಗುಂಡಿಯಲ್ಲಿ 4 ಓಮ್, ಪ್ಯಾನೆಲ್ ಗುಂಡಿಯಲ್ಲಿ 5 ಓಮ್ ಇತ್ತು. 250 ವೋಲ್ಟಿಗೆ 9 ಓಮ್ ಅಂದರೆ 28 ಆಂಪಿಯರ್. ಇಷ್ಟಕ್ಕೆ 160 ಆಂಪಿಯರ್‌ನ ಎಂಸಿಸಿಬಿ (ಮೋಟಾರಿನ ದೊಡ್ಡ ಬ್ರೇಕರ್) ಯಾಕೆ ಬೀಳುತ್ತೆ? ಇನ್ನೂ ಹತ್ತು ಗುಂಡಿ ತೋಡಿದರೂ ಬೀಳಲ್ಲ. ಫಾಲ್ಟ್ ಕರೆಂಟು ಲೋಹದ ದಾರಿಯಲ್ಲೇ, ಅಂದರೆ ಜಿಐ ಪಟ್ಟಿಯಲ್ಲಿ, ನ್ಯೂಟ್ರಲ್‌ಗೆ ವಾಪಸ್ ಬರಬೇಕು. "ನೆಲದಲ್ಲಿ ಬರದೇ ಇರೋದು ಪಟ್ಟಿಯಲ್ಲಿ ಬರುತ್ತೇನಣ್ಣಾ?" ಅಂತ ಮಿಲ್ಲಿನ ಹಳೇ ಎಲೆಕ್ಟ್ರಿಷಿಯನ್ ತಲೆ ಆಡಿಸಿದರು. ಸಾಹುಕಾರರೂ ಅನುಮಾನದಲ್ಲೇ ದುಡ್ಡು ಕೊಟ್ಟರು.

ಸೈಜಿನ ಲೆಕ್ಕ ಹೀಗೆ. 250 ಕೆವಿಎಗೆ ಫುಲ್ ಲೋಡ್ 333 ಆಂಪಿಯರ್. ನೇಮ್‌ಪ್ಲೇಟಿನಲ್ಲಿ ಇಂಪಿಡೆನ್ಸ್ (ಟ್ರಾನ್ಸ್‌ಫಾರ್ಮರ್ ಒಳಗಿನ ತಡೆ) 4.5 ಪರ್ಸೆಂಟ್, 333ನ್ನು ಅದರಿಂದ ಭಾಗಿಸಿದರೆ ಫಾಲ್ಟ್ ಕರೆಂಟು ಸುಮಾರು 7,400 ಆಂಪಿಯರ್. ಅರ್ಥಿಂಗ್‌ನ ಭಾರತೀಯ ಮಾನಕ ಐಎಸ್ 3043 ಪ್ರಕಾರ ಜಿಐಗೆ ಒಂದು ಸೆಕೆಂಡಿಗೆ ಚದರ ಎಂಎಂಗೆ 80 ಆಂಪಿಯರ್. ಭಾಗಿಸಿದರೆ 93 ಚದರ ಎಂಎಂ ಬೇಕು. ಎಂಟು ನಂಬರ್ ತಂತಿ ಇರೋದು ಬರೀ 13! ಅದರ ತಾಕತ್ತು ಸಾವಿರ ಆಂಪಿಯರ್ ಚಿಲ್ಲರೆ. 7,400 ಹರಿದರೆ 0.02 ಸೆಕೆಂಡ್‌ಗೇ ಮಿತಿ ಮುಟ್ಟುತ್ತೆ.

25x6 ಎಂಎಂ ಜಿಐ ಪಟ್ಟಿ ಅಂದರೆ 150 ಚದರ ಎಂಎಂ, ತುಕ್ಕಿಗೂ ಜಾಗ ಉಳಿಯುತ್ತೆ. ಟ್ರಾನ್ಸ್‌ಫಾರ್ಮರ್ ಬಾಡಿಗೆ ಎರಡು ಕಡೆಯಿಂದ ಅದನ್ನೇ ಹಾಕಿದೆ, ಟ್ರಾನ್ಸ್‌ಫಾರ್ಮರ್‌ನಿಂದ ಪ್ಯಾನೆಲ್‌ಗೆ, ಅಲ್ಲಿಂದ ಮೋಟಾರುಗಳವರೆಗೂ ಅದೇ. ನ್ಯೂಟ್ರಲ್‌ಗೆ ಮಾತ್ರ 50x6, ಬೇರೆ ಬೇರೆ ಎರಡು ಇಳಿಕೆ. ಸಾಹುಕಾರರು ಮುಂದೆ 500 ಕೆವಿಎ ಮಾಡೋ ಮಾತಾಡುತ್ತಿದ್ದರು. ಇಂಪಿಡೆನ್ಸ್ ಅಷ್ಟೇ ಇದ್ದರೆ ಆಗಲೂ 185 ಚದರ ಎಂಎಂ ಸಾಕು, ಇದು 300 ಇದೆ. 50x6 ಮೀಟರಿಗೆ 2.3 ಕೆಜಿ ಮೇಲೆ ತೂಗುತ್ತೆ, 25x6 ಅದರ ಅರ್ಧ. ವೆಲ್ಡಿಂಗ್, ಕೂಲಿ ಎಲ್ಲ ಸೇರಿ 25 ಸಾವಿರ ದಾಟಲಿಲ್ಲ ಅಂತ ನೆನಪು.

ಜಾಸ್ತಿ ಹೊತ್ತು ಹಿಡಿದಿದ್ದು ಜಾಯಿಂಟ್‌ಗಳು. ಒಂದೇ ಬೋಲ್ಟಿನ ಜಾಯಿಂಟನ್ನು ನಾನು ಒಪ್ಪೋದೇ ಇಲ್ಲ. ಪಟ್ಟಿ ಅಗಲದ ಎರಡರಷ್ಟು ಒಂದರ ಮೇಲೊಂದು ಕೂರಿಸಿ, ಸುತ್ತಲೂ ವೆಲ್ಡ್ ಮಾಡಿ, ಮೇಲೆ ಜಿಂಕ್ ಪೇಂಟ್. ಮಣ್ಣೊಳಗಿನ ಜಾಯಿಂಟಿಗೆ ಡಾಂಬರು. ನ್ಯೂಟ್ರಲ್ ಬುಶಿಂಗ್ (ಟ್ರಾನ್ಸ್‌ಫಾರ್ಮರ್‌ನಿಂದ ನ್ಯೂಟ್ರಲ್ ಹೊರಬರೋ ಜಾಗ) ಹತ್ತಿರ ತಾಮ್ರ, ಜಿಐ ಸೇರೋ ಕಡೆ ನಾನು ಏನು ಹಚ್ಚುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಎಷ್ಟೋ ವರ್ಷದಿಂದ ಅದು ಕೈ ಕೊಟ್ಟಿಲ್ಲ. ಪ್ಯಾನೆಲ್‌ನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಬಾರ್ ನಡುವೆ ಲಿಂಕ್ ಹಾಕಲಿಲ್ಲ. ಆ ಲಿಂಕ್ ಟ್ರಾನ್ಸ್‌ಫಾರ್ಮರ್ ಹತ್ತಿರ ಮಾತ್ರ ಇರಬೇಕು. ಲೈಟ್ನಿಂಗ್ ಅರೆಸ್ಟರ್‌ಗೆ (ಸಿಡಿಲಿನ ಹೊಡೆತವನ್ನು ನೆಲಕ್ಕಿಳಿಸೋ ಸಾಧನ) ಅದರದ್ದೇ ಇಳಿಕೆ, ನೇರ, ಮಡಿಕೆ ಇಲ್ಲದೆ.

ಹಾಗಂತ ಗುಂಡಿ ದಂಡ ಅಂತಲ್ಲ. ಸಿಡಿಲಿಗೆ, 11 ಕೆವಿ ಕಡೆಯ ಫಾಲ್ಟಿಗೆ ಅದು ಬೇಕೇ ಬೇಕು. ಮಿಲ್ಲಿನ ಹಿತ್ತಲಲ್ಲಿ ನೀರು ಬೀಳದ ಒಂದು ಬೋರ್ ಸುಮ್ನೆ ಬಿದ್ದಿತ್ತು. ಕೇಸಿಂಗ್ 50 ಅಡಿ ಇರಬೇಕು. ಅದಕ್ಕೊಂದು ಪಟ್ಟಿ ವೆಲ್ಡ್ ಮಾಡಿ ಬೆಂಟೊನೈಟ್ (ತೇವ ಹಿಡಿದಿಡೋ ಜೇಡಿಮಣ್ಣು) ಕಲಸಿ ಸುರಿದೆ. ಅದೊಂದರದ್ದೇ ಅಳೆದರೆ 3 ಓಮ್ ಆಸುಪಾಸು ಬಂತು. ಏಪ್ರಿಲ್‌ನಲ್ಲಿ 5ರವರೆಗೆ ಏರಿತು. ಆದರೂ ಬಂಡೆ ಹೊಡೆಸೋ ಖರ್ಚಿಲ್ಲದೆ ಸಿಕ್ಕಿತು. ದಾವಣಗೆರೆಯಲ್ಲಿ ಭದ್ರಾ ಚಾನೆಲ್ ಬದಿಯ ರೈಸ್ ಮಿಲ್ಲುಗಳವರಿಗೆ ನೆಲ ಹಸಿ, ಈ ಕಷ್ಟವೇ ಇಲ್ಲ, ಬಿಡಿ.

ಪಟ್ಟಿ ಮುಗಿದ ಮೇಲೆ ದೂರದ ಮೋಟಾರಿನಲ್ಲಿ ಲೂಪ್ ಟೆಸ್ಟರ್ (ಫಾಲ್ಟ್ ಕರೆಂಟು ಸುತ್ತಿ ಬರೋ ದಾರಿಯ ತಡೆ ಅಳೆಯೋ ಮೀಟರ್) ಹಿಡಿದರೆ 0.1 ಓಮ್ ಹತ್ತಿರ. ಅಂದರೆ 2,500 ಆಂಪಿಯರ್. 160 ಆಂಪಿಯರ್‌ನ ಎಂಸಿಸಿಬಿ ತಕ್ಷಣ ಬೀಳೋ ಸೆಟ್ಟಿಂಗ್ 1,600. ಆ ಮಳೆಗಾಲದಲ್ಲಿ ಅದೇ ಎಕ್ಸ್‌ಪೆಲ್ಲರ್ ಮೋಟಾರಿನ ವೈಂಡಿಂಗ್ ಮತ್ತೆ ಬಾಡಿಗೆ ತಾಗಿತು. ಎಂಸಿಸಿಬಿ ಟಪ್ ಅಂತ ಬಿತ್ತು, ಯಾರಿಗೂ ಶಾಕ್ ಇಲ್ಲ, ಪಟ್ಟಿ ಬೆಚ್ಚಗೂ ಆಗಿರಲಿಲ್ಲ. ಹಳೇ ಎಲೆಕ್ಟ್ರಿಷಿಯನ್ನರೇ ಫೋನ್ ಮಾಡಿ ಹೇಳಿದರು. ಪಕ್ಕದ ಎರಡು ಮಿಲ್ಲಿನವರೂ ಈಗ ಇದೇ ಕೆಲಸಕ್ಕೆ ರೇಟ್ ಕೇಳಿದ್ದಾರೆ.