ಬೋಟಿನ ಗುಜರಿ ಕಪ್ಲಿಂಗ್‌ನಲ್ಲಿ ಫೇಸ್‌ಪ್ಲೇಟ್: ನನ್ನ ಅನುಭವ

ಫೇಸ್‌ಪ್ಲೇಟ್ ಅಂದರೆ ಕಡೆಯುವ ಮರವನ್ನು ಸ್ಕ್ರೂ ಹಾಕಿ ಕಟ್ಟುವ ದುಂಡು ಕಬ್ಬಿಣದ ತಟ್ಟೆ. ಹಿಂದೆ ಇರುವ ನಟ್ಟಿನಿಂದ ಅದು ಲೇತಿನ ಸ್ಪಿಂಡಲಿಗೆ, ಅಂದರೆ ತಿರುಗುವ ಶಾಫ್ಟಿನ ಮೂತಿಗೆ, ಕೂರುತ್ತದೆ. ನನ್ನ ಮರದ ಲೇತ್‌ನಲ್ಲಿ ಈಗ ಓಡುವ ಫೇಸ್‌ಪ್ಲೇಟ್‌ಗಳಲ್ಲಿ ಒಂದೂ ಅಂಗಡಿಯದ್ದಲ್ಲ, ಕಬ್ಬಿಣದವೆಲ್ಲ ಮಲ್ಪೆ ಕಡೆಯ ಗುಜರಿಯಿಂದ ಬಂದು, ನಟ್ಟು ವೆಲ್ಡ್ ಮಾಡಿಸಿಕೊಂಡವು. "ನಟ್ಟು ವೆಲ್ಡ್ ಮಾಡಿದ್ದು ಸೀದಾ ತಿರುಗ್ಲಿಕ್ಕುಂಟಾ ಮಾರಾಯ್ರೇ? ಸುಮ್ನೆ ಕಬ್ಬಿಣ ಹಾಳು" ಅಂತ ಉಡುಪಿಯಲ್ಲಿ ಲೇತ್ ಕೆಲಸ ಬಲ್ಲವರೇ ಹೇಳಿದ್ದರು. ಕಳೆದ ಮಳೆಗಾಲದಿಂದ ಅದೇ ಪ್ಲೇಟಿನಲ್ಲಿ 12 ಇಂಚಿನ ಹಲಸಿನ ಮರಿಗೆ ಕಡೆಯುತ್ತಿದ್ದೇನೆ. ಅಂಚಿಗೆ ಡಯಲ್ ಗೇಜ್ (ಓಲಾಟ ಅಳೆಯುವ ಮುಳ್ಳಿನ ಸಾಧನ) ಇಟ್ಟರೆ ಮುಳ್ಳು ಐದಾರು ಗೆರೆಗಿಂತ ಹೆಚ್ಚು ಅಲ್ಲಾಡುವುದಿಲ್ಲ.

ಈ ಕೆಲಸಕ್ಕೆ ಇಳಿದದ್ದು ದುಡ್ಡಿನ ಲೆಕ್ಕ ನೋಡಿ. 6 ಇಂಚಿನ ರೆಡಿ ಪ್ಲೇಟಿಗೆ ಕೊರಿಯರ್ ಸೇರಿ ₹2,200 ಹತ್ತಿರ ಹೇಳಿದ್ದರು. ಒಂದೇ ಪ್ಲೇಟಿದ್ದರೆ ಅರ್ಧ ಕಡೆದ ಮರ ಬಿಚ್ಚಿ ಇಡುವಂತಿಲ್ಲ, ಮೂರ್ನಾಲ್ಕು ಬೇಕೇ ಬೇಕು.

ಮೊದಲು ಆಟೋದ ಹಳೇ ಬ್ರೇಕ್ ಡ್ರಮ್ ತಂದೆ. ಬೀಡು ಕಬ್ಬಿಣ. ವೆಲ್ಡ್ ಮಾಡುವಾಗ ಚೆನ್ನಾಗಿಯೇ ಕೂತಿತ್ತು, ತಣ್ಣಗಾಗುತ್ತಾ 'ಟಿಕ್' ಅಂದು ವೆಲ್ಡಿನ ಪಕ್ಕದಲ್ಲೇ ಬಿರುಕು ಬಿಟ್ಟಿತು. ಬೈಕಿನ ಹಿಂದಿನ ಸ್ಪ್ರಾಕೆಟ್‌ಗೆ ತೂತುಗಳು ತಯಾರಾಗಿಯೇ ಇರುತ್ತವೆ, ಹಲ್ಲು ಉಜ್ಜಿ ತೆಗೆದರೆ ಸಾಕು. ಆದರೆ ತೆಳು. ಸಣ್ಣ ಬಟ್ಟಲಿಗೆ ಅಡ್ಡಿಯಿಲ್ಲ, ಎಂಟು ಇಂಚು ದಾಟಿದ ಮರ ಕಟ್ಟಿದರೆ ಉಳಿ ತಾಗಿದ ಕೂಡಲೇ ನಡುಗುತ್ತದೆ. ಈ ಎರಡಕ್ಕೇ ಸಾವಿರದಷ್ಟು ಹೋಯಿತು.

ಆಮೇಲೆ ಸಿಕ್ಕಿದ್ದು ಮೀನುಗಾರಿಕೆ ಬೋಟಿನ ಕಪ್ಲಿಂಗ್, ಗೇರ್‌ಬಾಕ್ಸಿಗೂ ಪ್ರೊಪೆಲ್ಲರ್ ಶಾಫ್ಟಿಗೂ ನಡುವೆ ಬರುವಂಥದ್ದು. ದಪ್ಪ ಉಂಟು, ಸುತ್ತ ಬೋಲ್ಟ್ ತೂತು ಉಂಟು, ಮುಖಕ್ಕೆ ಮೆಷಿನ್ ಕೆಲಸವೂ ಆಗಿರುತ್ತದೆ. ಕಿಲೋಗೆ ₹50ರಂತೆ ಮೂರು ಕಿಲೋ ತೂಗಿತು. ಗುಜರಿಯಲ್ಲೇ ಗ್ರೈಂಡರ್ ತಾಗಿಸಿ ನೋಡಿ. ಕಿಡಿ ಉದ್ದಕ್ಕೆ ಹಳದಿಯಾಗಿ ಹಾರಿದರೆ ಮೈಲ್ಡ್ ಸ್ಟೀಲ್, ತನ್ನಿ. ಮಂಕು ಕೆಂಪಾಗಿ ಗಿಡ್ಡಕ್ಕೆ ಸತ್ತರೆ ಬೀಡು, ಅಲ್ಲೇ ಬಿಡಿ.

ಇನ್ನು ನಟ್ಟು. ನನ್ನ ಸ್ಪಿಂಡಲ್ 1 ಇಂಚು, 8 ಟಿಪಿಐ (ಇಂಚಿಗೆ ಎಂಟು ಥ್ರೆಡ್), ಅಮೆರಿಕದ ಅಳತೆಯ ಯುಎನ್‌ಸಿ. ಬಿಎಸ್‌ಡಬ್ಲ್ಯೂ ಅನ್ನುವ ಬ್ರಿಟಿಷ್ ಅಳತೆಯ ಒಂದಿಂಚಿನ ನಟ್ಟಿಗೂ 8 ಟಿಪಿಐ ಇರುವುದು. ಥ್ರೆಡ್ ಕೋನ ಮೊದಲಿನದ್ದರಲ್ಲಿ 60 ಡಿಗ್ರಿ, ಬ್ರಿಟಿಷಿನದ್ದರಲ್ಲಿ 55, ಹಾಗಾಗಿ ಎಲ್ಲ ನಟ್ಟೂ ಒಂದೇ ತರ ಕೂರುವುದಿಲ್ಲ. ಅದೇ ಥ್ರೆಡ್ಡಿನ ಬೋಲ್ಟ್ ಕಿಸೆಯಲ್ಲಿಟ್ಟುಕೊಂಡು ಹೋಗಿ, ಕೈಯಲ್ಲೇ ಸಲೀಸಾಗಿ ತಿರುಗಿ ಕೊನೆ ಮುಟ್ಟುವುದನ್ನು ಆರಿಸಿ. ಎಂ33 (33 ಎಂ.ಎಂ. ವ್ಯಾಸದ) ಸ್ಪಿಂಡಲ್‌ನವರಿಗೆ ಒಂದಿಂಚಿನ ಪೈಪ್ ಸಾಕೆಟ್ ನೋಡಿ ಆಸೆ ಹುಟ್ಟುತ್ತದೆ, ಅಳತೆ ಹತ್ತಿರ ಹತ್ತಿರ. ಆದರೆ ಅದು 11 ಟಿಪಿಐ, ಸ್ಪಿಂಡಲ್ 3.5 ಎಂ.ಎಂ. ಪಿಚ್ (ಥ್ರೆಡ್‌ಗಳ ನಡುವಿನ ಅಂತರ). ಎರಡು ಸುತ್ತಿಗೇ ಕಚ್ಚಿಕೊಳ್ಳುತ್ತದೆ.

ಇನ್ನು ಅಸಲು ಸಂಗತಿ. ಪ್ಲೇಟನ್ನು ಸೀದಾ ಕೂರಿಸುವುದು ಥ್ರೆಡ್ ಅಲ್ಲ, ಸ್ಪಿಂಡಲಿನ ಶೋಲ್ಡರಿಗೆ (ಥ್ರೆಡ್ ಮುಗಿಯುವಲ್ಲಿನ ದಪ್ಪ ಮೆಟ್ಟಿಲಿಗೆ) ಒತ್ತಿ ಕೂರುವ ನಟ್ಟಿನ ಹಿಂಬದಿ. ಅಂಗಡಿ ನಟ್ಟಿನ ಆ ಮುಖ ಥ್ರೆಡ್ಡಿಗೆ ಸರಿಯಾಗಿ ಲಂಬ ಇರುವುದು ಅಪರೂಪ. ವೆಲ್ಡ್ ಮಾಡಿದ್ದು ಓಲಾಡುತ್ತದೆ ಅನ್ನುವವರು ಆ ಮುಖವನ್ನು ಮುಟ್ಟಿಯೇ ಇರುವುದಿಲ್ಲ. ನಾನು ಮಣಿಪಾಲದ ಒಂದು ವರ್ಕ್‌ಶಾಪಿನಲ್ಲಿ ನನ್ನ ಸ್ಪಿಂಡಲ್ ಮೂತಿಯದ್ದೇ ನಕಲು, ಶೋಲ್ಡರ್ ಸಮೇತ, ಒಂದು ತುಂಡು ಮಾಡಿಸಿದೆ. ₹350 ಆಯಿತು, ಒಂದೇ ಸಲದ ಖರ್ಚು. ನಟ್ಟನ್ನು ಅದಕ್ಕೆ ಹಾಕಿ ಫೇಸಿಂಗ್ (ಮುಖ ಸಪಾಟು ಮಾಡುವ ಕಟ್) ಹೊಡೆಸಿ, ತಿರುಗಿಸಿ ಹಾಕಿ ಇನ್ನೊಂದು ಬದಿಗೂ ಹೊಡೆಸಿದೆ. ಕಪ್ಲಿಂಗಿನ ಬೋರಿಗೆ ಬಿಗಿಯಾಗುವಷ್ಟು ನಟ್ಟಿನ ಮೂಲೆಗಳನ್ನೂ ಇಳಿಸಿಕೊಟ್ಟರು. ನಟ್ಟಿಗೆ ಜಿಂಕ್ ಲೇಪ ಇದ್ದರೆ ಉಜ್ಜಿ ತೆಗೆಯದೆ ವೆಲ್ಡ್ ಮಾಡಬೇಡಿ, ಆ ಹೊಗೆ ಒಳ್ಳೆಯದಲ್ಲ.

ಎದುರುಬದುರಿಗೆ ನಾಲ್ಕು ಟ್ಯಾಕ್ (ಹಿಡಿದಿಡುವ ಚುಕ್ಕೆ ವೆಲ್ಡ್), ಆಮೇಲೆ ಗಿಡ್ಡ ಗಿಡ್ಡ ವೆಲ್ಡ್, ನಡುವೆ ಪುರುಸೊತ್ತಿನಲ್ಲಿ ತಣಿಯಲು ಬಿಡುವುದು. ನೀರು ಹಾಕಬಾರದು. ಆ ಬಿಸಿಗೆ ನಟ್ಟು ಸ್ವಲ್ಪ ಕುಗ್ಗುತ್ತದೆ. ಕುಗ್ಗದ ಹಾಗೆ ನಾನು ಥ್ರೆಡ್ಡಿನೊಳಗೆ ಒಂದು ವಸ್ತು ಇಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ, ಶೆಡ್ಡಿಗೆ ಬಂದವರಿಗೆ ತೋರಿಸುತ್ತೇನೆ. ಬೆಸುಗೆ ಮುಗಿದ ಮೇಲೆ ಮತ್ತೆ ಅದೇ ನಕಲು ತುಂಡಿಗೆ ಹಾಕಿ ಮುಖ, ಅಂಚು ಎರಡಕ್ಕೂ ಒಂದು ಕಟ್. ಕೊನೆಯಲ್ಲಿ ನನ್ನ ಲೇತ್‌ಗೇ ಏರಿಸಿ, ಮುಂದೆ 18 ಎಂ.ಎಂ. ಮರೈನ್ ಪ್ಲೈ ಬೋಲ್ಟ್ ಮಾಡಿ, ಅದರ ಮುಖವನ್ನು ನನ್ನ ಉಳಿಯಿಂದಲೇ ತೆಗೆಯುತ್ತೇನೆ. ಯಾವ ಸ್ಪಿಂಡಲಿನಲ್ಲಿ ಓಡಬೇಕೋ ಅದರಲ್ಲೇ ಮುಖ ತೆಗೆದರೆ ಉಳಿದ ಔಟೂ (ಓಲಾಟವೂ) ಹೋಗುತ್ತದೆ. ಕಬ್ಬಿಣ, ನಟ್ಟು, ವೆಲ್ಡಿಂಗ್, ಫೇಸಿಂಗ್ ಎಲ್ಲ ಸೇರಿ ಒಂದಕ್ಕೆ ₹500ರ ಆಸುಪಾಸು.

ನಡುವೆ ಪೂರ್ತಿ ಮರದ ಪ್ಲೇಟನ್ನೂ ಮಾಡಿ ನೋಡಿದೆ. ಒಂದಿಂಚಿನ ಬೋಲ್ಟಿಗೆ ಗ್ರೈಂಡರಿನಲ್ಲಿ ಉದ್ದಕ್ಕೆ ನಾಲ್ಕು ತೋಡು ಕೊರೆದರೆ ಮರದಲ್ಲಿ ಥ್ರೆಡ್ ಕೊರೆಯುವ ಚಂದದ ಟ್ಯಾಪ್ ಆಗುತ್ತದೆ. ಹೊನ್ನೆಯಲ್ಲಿ ಥ್ರೆಡ್ ಎಷ್ಟು ಚೊಕ್ಕ ಬಿತ್ತೆಂದರೆ ತೆಳು ಸೂಪರ್ ಗ್ಲೂ ಕುಡಿಸಿದ ಮೇಲೆ ಬೇಸಿಗೆಯಿಡೀ ಓಡಿತು. ಜೂನ್ ಮಳೆಗೆ ಉಬ್ಬಿ ಸ್ಪಿಂಡಲಿಗೇ ಕಚ್ಚಿತು, ಒಡೆದೇ ತೆಗೆಯಬೇಕಾಯಿತು. ಈಗ ಹೊನ್ನೆಯದ್ದು ಡಿಸೆಂಬರಿನಿಂದ ಮೇವರೆಗೆ ಮಾತ್ರ.

ಕಪ್ಲಿಂಗಿನದ್ದಕ್ಕೂ ನಮ್ಮ ಕಡಲ ಗಾಳಿಯಲ್ಲಿ ಆರೈಕೆ ಬೇಕು. ಶೋಲ್ಡರಿಗೂ ನಟ್ಟಿಗೂ ನಡುವೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್‌ನ ಒಂದು ಬಳೆ ಕತ್ತರಿಸಿ ಹಾಕಿ, ಬಿಚ್ಚುವಾಗ ಸ್ಪ್ಯಾನರ್ ಬೇಕಾಗುವುದಿಲ್ಲ. ಮರ ಕಟ್ಟಲು ಕಪ್ಪು ಜಿಪ್ಸಮ್ ಸ್ಕ್ರೂ ಬೇಡ, ತಲೆ ಹಾರಿಹೋಗುತ್ತದೆ. ಪ್ಲೇಟು, ಪ್ಲೈ ದಾಟಿ ಮರದೊಳಗೆ ಚೆನ್ನಾಗಿ ಇಳಿಯುವಷ್ಟು ಉದ್ದದ ಸ್ಟೀಲ್ ಸ್ಕ್ರೂ ಆರು ಹಾಕುತ್ತೇನೆ.